ಜವರಯ್ಯನ ರಾತ್ರಿಗಳು

ಬೀದಿಯ ತುದಿಯಲ್ಲಿ ಸೈಕಲ್ ಚೈನು ಕಿರುಗುಟ್ಟಿದ್ದು ಕೇಳಿದ್ದೇ ತಡ ಬೆಟ್ಟಸ್ವಾಮಿ ಪೇಪರು ಮಡಿಸಿಟ್ಟು ಬಾಗಿಲಿಗೆ ಎದ್ದುಹೋದ. ಬಂದ. ರಾತ್ರಿಯಿಡೀ ಗುಡ್ಡದ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವನು ಬೆಳಿಗ್ಗೆ ಆರೂವರೆಗೆ ಹೀಗೆ ಶಿಳ್ಳೆ ಹಾಕಿಕೊಂಡು ಬರುವುದುಂಟೇ! ತಾನಾದರೆ ಒಂದು ರಾತ್ರಿ ನಿದ್ದೆಗೆಟ್ಟರೆ ಮೂರು ದಿನ ಕಣ್ಣುರಿ, ತಲೆಭಾರ, ತರಗತಿಯಲ್ಲಿ ಹುಡುಗರ ಮುಂದೆ ಆಕಳಿಕೆ. ಇವನಿಗೆ ಏನೂ ಇಲ್ಲ. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನ ಅಟೆಂಡರ್, ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ, ಆದರೂ ಮುಖದ ಮೇಲೆ ಆ ಗೆಲುವು ನೋಡಬೇಕು. ಜವರಯ್ಯ ಸೈಕಲ್ಲನ್ನು ಗೋಡೆಗೆ ಒರಗಿಸಿ ಕಂಕುಳಲ್ಲಿದ್ದ ರಿಜಿಸ್ಟರನ್ನು ಎರಡೂ ಕೈಯಲ್ಲಿ ಚಾಚಿದ. "ತಗಳಿ ಸಾ. ಒಂದ್ ಚೂರೂ ಮೋಡ ಇಲ್ಲ ರಾತ್ರಿ. ಎಂಟೂಕಾಲ್ಗೆ ಕೆಂಪು ಎಂಗ್ ಏರ್ಕತು ಅಂದ್ರೆ, ನನ್ಗೇ ಮೈ ಜುಂ ಅಂತು." ಹೊಸ್ತಿಲ ಮುಂದೆ ರಂಗೋಲಿ ಬಿಡುತ್ತಿದ್ದ ಮಂಗಳಗೌರಿ ತಲೆಯೆತ್ತಿ ನಕ್ಕಳು. "ನಿದ್ದೆಗೆಟ್ಟವನ ಮುಖಾನೇ ಅಲ್ಲ ಕಣಪ್ಪ ನಿಂದು. ನಮ್ಮನೆಯವ್ರನ್ನ ನೋಡು, ರಾತ್ರಿ ಪೂರ್ತಿ ಮಲಗೆದ್ರೂ ಹೆಂಗವ್ರೆ!" ಹೆಂಡತಿಯ ಮಾತಿಗೆ ಬೆಟ್ಟಸ್ವಾಮಿಯೂ ನಗಬೇಕಾಯಿತು. ಆ ನಗುವಿಗೆ ಎಷ್ಟು ಕಷ್ಟವಾಯಿತೆಂದರೆ ದವಡೆ ನೋಯಿತು.

ರಿಜಿಸ್ಟರ್ ಹಿಡಿದು ಒಳಗೆ ಬಂದು ಕಿಟಕಿಯ ಬಳಿ ನಿಂತು ತೆರೆದ. ಒಂದು ಸಾಲು ಬಿಟ್ಟು ಒಂದು ಸಾಲು, ತಾರೀಖಿನ ಮುಂದೆ ಒಂದು ದಿನ 'ಬಿ', ಮಾರನೇ ದಿನ 'ಜೆ'. ತಿಂಗಳ ಕತ್ತಲ ಹದಿನೈದು ದಿನದಲ್ಲಿ ಬೆಸ ತಾರೀಖು ಬೆಟ್ಟಸ್ವಾಮಿಯದು, ಸಮ ತಾರೀಖು ಜವರಯ್ಯನದು. ಆರು ವರ್ಷದಿಂದ ಹೀಗೇ. ತೊಂಬತ್ತೆರಡರಲ್ಲಿ ಉತ್ತರ ಭಾರತದ ಸಂಶೋಧನಾ ಸಂಸ್ಥೆಯೊಂದು ಬೆಳಕು ಅಳೆಯುವ ಫೋಟೋಮೀಟರನ್ನು ತಂದು ಇಳಿಸಿದಾಗ ಮೊದಲು ತಿರುಮಕೂಡಲು ನರಸೀಪುರದ ಕಡೆ, ಸೋಸಲೆಯ ಹತ್ತಿರ ಜಾಗ ನೋಡಿದ್ದರು. ಹೊಳೆಯ ಮಂಜು ಏಳುತ್ತದೆಂದು ಬಿಟ್ಟು, ನಂಜನಗೂಡಿನಿಂದ ಹುಲ್ಲಹಳ್ಳಿ ರಸ್ತೆಯಲ್ಲಿ ನಾಲ್ಕು ಮೈಲಿ ದೂರದ ಗುಡ್ಡದ ಮೇಲೆ ನಾಲೆ ಇಲಾಖೆಯವರು ಬಿಟ್ಟುಹೋದ ಕೋಣೆಯೊಂದಕ್ಕೆ ಬಂದರು. ತಾರಸಿಗೆ ಅಂಗೈಯಗಲದ ಒಂದು ಗಾಜು ಕೂರಿಸಿ, ಅದರ ಕೆಳಗೆ ನೆಟ್ಟಗೆ ಆಕಾಶ ನೋಡುವ ಹಾಗೆ ಯಂತ್ರ ನಿಲ್ಲಿಸಿದರು. ಆಕಾಶಕ್ಕೆ ಅದರದೇ ಒಂದು ಬೆಳಕಿದೆಯಂತೆ, ಚಂದ್ರ ನಕ್ಷತ್ರ ಎಲ್ಲ ಬಿಟ್ಟು. ಹಗಲೆಲ್ಲ ಕುಡಿದ ಬಿಸಿಲನ್ನು ಮೇಲಿನ ಗಾಳಿ ರಾತ್ರಿ ಚೂರುಚೂರೇ ಬಿಟ್ಟುಕೊಡುತ್ತದೆ, ತುಂಬ ಮೇಲೆ ಕೆಂಪು, ಸ್ವಲ್ಪ ಕೆಳಗೆ ಹಸಿರು. ಧ್ರುವದ ಕಡೆಯವರಿಗೆ ಅವೇ ಬಣ್ಣ ಪರದೆ ಇಳಿಬಿಟ್ಟ ಹಾಗೆ ಕಾಣುತ್ತವೆ, ಅರೋರಾ ಎಂದು ಫೋಟೋ ತೆಗೆದು ಕ್ಯಾಲೆಂಡರಿಗೆ ಹಾಕುತ್ತಾರೆ. ನಮ್ಮ ಪಾಲಿಗೆ ಬಂದದ್ದು ಕಣ್ಣಿಗೆ ಕಾಣದಷ್ಟು ಮಂದ. ಅದಕ್ಕೇ ಯಂತ್ರ. ಕಾಲು ಗಂಟೆಗೊಂದು ಸಲ ಕೆಂಪು ಫಿಲ್ಟರು, ಹಸಿರು ಫಿಲ್ಟರು, ಆಮೇಲೆ ಯಂತ್ರದ ಬಾಗಿಲು ಮುಚ್ಚಿ ಕತ್ತಲೆಯ ಎಣಿಕೆ, ಮೂರನ್ನೂ ಬರೆದುಕೊಳ್ಳಬೇಕು. ಬಾಗಿಲು ಮುಚ್ಚಿದರೂ ಯಂತ್ರ ಸುಮ್ಮನಿರದು, ಏನೋ ಒಂದಿಷ್ಟು ಬೆಳಕು ಕಂಡೆ ಎಂದು ಲೆಕ್ಕ ಹೇಳುತ್ತದೆ, ಆ ಸುಳ್ಳನ್ನು ಕಳೆಯಬೇಕು. ಇದನ್ನೆಲ್ಲ ಜವರಯ್ಯನಿಗೆ ಹೇಳಿಕೊಟ್ಟವರು ಯಾರು? ಬೆಟ್ಟಸ್ವಾಮಿ, ಎಂ.ಎಸ್ಸಿ. ಪಿಎಚ್.ಡಿ.ಗೆ ಹೆಸರು ನೋಂದಾಯಿಸಿ, ಅಪ್ಪ ತೀರಿಕೊಂಡದ್ದಕ್ಕೆ ಎರಡೇ ವರ್ಷದಲ್ಲಿ ಬಿಟ್ಟುಬಂದ ಬೆಟ್ಟಸ್ವಾಮಿ. ಎಲ್ಲಾದರೂ ಒಂದು ಕಡೆ, ಯಾವುದಾದರೂ ಒಂದು ಪತ್ರಿಕೆಯಲ್ಲಿ, ಒಂದೇ ಒಂದು ಲೇಖನದ ತಲೆಯ ಮೇಲೆ ತನ್ನ ಹೆಸರು ಅಚ್ಚಾಗಿ ಬರಲಿ ಎಂದು ನಲವತ್ತೇಳರ ವಯಸ್ಸಿನ ತನಕ ಕಾದ ಬೆಟ್ಟಸ್ವಾಮಿ.

ಈ ಜುಲೈನಲ್ಲಿ ಕಾಗದ ಬಂದಿತ್ತು. ಸಂಸ್ಥೆಯ ರಮ್ಯ ಮೇಡಂ ಬರೆದದ್ದು. ಮೈಸೂರಿನ ಕಡೆಯವಳೇ, ಇಪ್ಪತ್ತೆಂಟರ ಹುಡುಗಿ, ಬೆಟ್ಟಸ್ವಾಮಿಯ ಶಿಷ್ಯೆಯರ ವಯಸ್ಸು. ಆರು ವರ್ಷದ ಅಳತೆಯೆಲ್ಲ ಸೇರಿಸಿ ಲೇಖನ ಬರೆಯುತ್ತಿದ್ದೇನೆ, ಅಳೆದವರ ಹೆಸರನ್ನೂ ಲೇಖಕರ ಸಾಲಿನಲ್ಲೇ ಹಾಕುತ್ತೇನೆ ಎಂದಿದ್ದಳು. ಅಲ್ಲಿಗೆ ನಿಂತಿದ್ದರೆ! ಮುಂದಿನ ಪ್ಯಾರಾದಲ್ಲಿ, ಆದರೆ ಎಂದು ಶುರುವಾಗಿತ್ತು. 'ಬಿ' ರಾತ್ರಿಗಳು ಒಂದಕ್ಕೊಂದು ಹೊಂದುತ್ತಿಲ್ಲ, ಬೆಳಕು ಐದರಲ್ಲೊಂದು ಪಾಲು ಕಡಿಮೆ, ಒಮ್ಮೊಮ್ಮೆ ಅದಕ್ಕೂ ಕಡಿಮೆ. 'ಜೆ' ರಾತ್ರಿಗಳು ಮಾತ್ರ ಸೊಗಸಾಗಿವೆ. ಬಹುಶಃ ಅವನ್ನಷ್ಟೇ ಬಳಸಬೇಕಾದೀತು. ಜೆ ಎಂದರೆ ಯಾರು, ಪೂರ್ತಿ ಹೆಸರು ತಿಳಿಸುವಿರಾ? ಆ ಕಾಗದವನ್ನು ಅವನು ಲ್ಯಾಬಿನಲ್ಲಿ ಕೂತು ಓದುವಾಗ ಜವರಯ್ಯ ಎದುರಿಗೇ ಸ್ಪಿರಿಟ್ ಲ್ಯಾಂಪಿಗೆ ಬತ್ತಿ ಹೊಸೆಯುತ್ತಿದ್ದ. ಒರಟು ಬೆರಳು, ಉಗುರಿನ ಸಂದಿಯಲ್ಲಿ ಗದ್ದೆಯ ಮಣ್ಣು. ಆದರೆ ಆ ಬೆರಳು ಮುಟ್ಟಿದ ಯಾವ ತಕ್ಕಡಿಯೂ ನಡುಗುತ್ತಿರಲಿಲ್ಲ, ಯಾವ ಗಾಜೂ ಒಡೆಯುತ್ತಿರಲಿಲ್ಲ. ಕೊಡುವುದಾದರೆ ಶಿವ ಆ ಬೆರಳನ್ನು ನನಗೆ ಕೊಡಬಾರದಿತ್ತೆ? ಆವತ್ತು ಸಂಜೆಯೇ ಬೆಟ್ಟಸ್ವಾಮಿ ಉತ್ತರ ಬರೆದ. ಜೆ ಎಂಬಾತ ಜವರಯ್ಯ, ನಮ್ಮ ಅಟೆಂಡರ್. ಪಕ್ಕಪಕ್ಕದ ರಾತ್ರಿಗಳಲ್ಲಿ ಆಕಾಶ ಒಂದೇ ಇರುವಾಗ ಆತನ ಅಂಕಿ ಮಾತ್ರ ಯಾವಾಗಲೂ ಹೆಚ್ಚು ಬರುವುದು ನನಗೂ ಆಶ್ಚರ್ಯ. ನೋಡುವವರಿಲ್ಲದ ಕಡೆ ಪುಸ್ತಕಕ್ಕೆ ಅಂಕಿ ಹೇಗೆ ಬರುತ್ತದೆಂದು ಹೇಳಲು ನಾನು ಯಾರು? ತೀರ್ಮಾನ ತಮಗೆ ಬಿಟ್ಟದ್ದು. ಒಂದು ಕಡೆಯೂ ಕಳ್ಳ ಎನ್ನಲಿಲ್ಲ, ಸುಳ್ಳ ಎನ್ನಲಿಲ್ಲ. ಇಂಗ್ಲಿಷಿನಲ್ಲಿ ಅಂಥ ಅನುಕೂಲವಿದೆ. ಬರೆದು ಅಂಟಿಸಿ, ದಿನದ ಟಪ್ಪಾಲಿನ ಜೊತೆಗೆ ಅಂಚೆಗೆ ಹಾಕಿಬಾ ಎಂದು ಕೊಟ್ಟದ್ದು ಯಾರ ಕೈಗೆ? ಜವರಯ್ಯನ ಕೈಗೇ. ಅವನು ಸ್ಟ್ಯಾಂಪಿನ ಹಿಂಭಾಗವನ್ನು ನಾಲಿಗೆಯಿಂದ ನೆಕ್ಕಿ ಅಂಟಿಸಿದ್ದನ್ನು ಬೆಟ್ಟಸ್ವಾಮಿ ನಿಂತು ನೋಡಿದ್ದ.

ಅದರ ಫಲವಾಗಿ ಇವತ್ತು ಮೇಡಂ ಬರುತ್ತಿದ್ದಾಳೆ, ಪರೀಕ್ಷೆ ಮಾಡಲು. ಹನ್ನೊಂದು ಗಂಟೆಯ ತರಗತಿಯಲ್ಲಿ ಬೆಟ್ಟಸ್ವಾಮಿ ಮಸೂರದ ಪಾಠ ಮಾಡುತ್ತ ಒಂದು ಕಿರಣವನ್ನು ತಪ್ಪು ಕಡೆಗೆ ಬಗ್ಗಿಸಿದ. ಹಿಂದಿನ ಬೆಂಚಿನವರು ಕಿಸಕ್ಕೆಂದರು. ಸಿಕ್ಕಿಬೀಳುತ್ತಾನೆ, ಇವತ್ತು ಸಿಕ್ಕಿಬೀಳುತ್ತಾನೆ. ಬರೆದಿದ್ದು ಕುತ್ಸಿತ ಬುದ್ಧಿಯಿಂದಲೇ ಇರಬಹುದು, ಆದರೆ ನಿಜವೂ ಯಾಕಿರಬಾರದು? ಬೆಚ್ಚಗೆ ಕಂಬಳಿ ಹೊದ್ದು ಮಲಗಿ, ನಸುಕಿಗೆ ಎದ್ದು ಹಿಂದಿನ ರಾತ್ರಿಯದನ್ನೇ ಚೂರು ಹೆಚ್ಚುಕಮ್ಮಿ ಮಾಡಿ ಬರೆದಿರುತ್ತಾನೆ. ಇಲ್ಲದಿದ್ದರೆ ಆ ಗೆಲುವು ಎಲ್ಲಿಂದ ಬರಬೇಕು! ಮೂರು ಗಂಟೆಗೆ ಜೀಪು ಬಂತು. ಬೆಟ್ಟಸ್ವಾಮಿ ಇಸ್ತ್ರಿ ಮಾಡಿದ ಷರಟಿನ ಜೇಬು ಸರಿಮಾಡಿಕೊಂಡು ಮೆಟ್ಟಿಲಿಳಿದು ಬರುವಷ್ಟರಲ್ಲಿ ರಮ್ಯ ಮೇಡಂ ಗೇಟಿನ ಬಳಿಯೇ ನಿಂತಿದ್ದ ಜವರಯ್ಯನ ಕೈಹಿಡಿದು ಕುಲುಕುತ್ತಿದ್ದಳು. "ಜವರಯ್ಯ ಅಂದ್ರೆ ನೀವೇನಾ? ನಿಮ್ಮ ಅಂಕಿಗಳನ್ನ ನೋಡಿ ನೋಡಿ ನಿಮ್ಮನ್ನ ನೋಡಬೇಕು ಅನ್ನಿಸಿಬಿಟ್ಟಿತ್ತು." ನೀವು! ಅಟೆಂಡರಿಗೆ! ಜವರಯ್ಯ ಕುಲುಕಿಸಿಕೊಂಡ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಗಾಳಿಯಲ್ಲಿ ಹಿಡಿದುಕೊಂಡಿದ್ದ. ಮೇಡಂ ಆಮೇಲೆ ತಿರುಗಿ "ನಮಸ್ಕಾರ ಸರ್" ಎಂದಳು, ಕೈಮುಗಿದು, ವಯಸ್ಸಾದವರಿಗೆ ಹೇಳುವ ಹಾಗೆ.

ಗುಡ್ಡದ ಬುಡದಲ್ಲಿ ಜೀಪು ನಿಲ್ಲಿಸಿ ಹತ್ತಿದರು. ಮೇಡಂ ತಂದಿದ್ದ ಮರದ ಡಬ್ಬಿಯೊಳಗೆ ಹತ್ತಿಯಲ್ಲಿ ಸುತ್ತಿದ ಒಂದು ಬಿಲ್ಲೆಯಿತ್ತು. ವರ್ಷಗಟ್ಟಲೆ ಒಂದೇ ಸಮನೆ ಮಂದವಾಗಿ ಬೆಳಗುವ ಬಿಲ್ಲೆ. "ಇದರ ಬೆಳಕು ಎಷ್ಟು ಅಂತ ನಮಗೆ ಗೊತ್ತು. ತಾರಸಿ ಗಾಜಿನ ಮೇಲೆ ಇದನ್ನಿಟ್ಟು, ಹಗಲಿನ ಬೆಳಕು ನುಗ್ಗದ ಹಾಗೆ ಕಪ್ಪು ಕಂಬಳಿ ಮುಚ್ಚಿ. ನಾನು ಕೆಳಗೆ ಕೂತು ಯಂತ್ರ ಎಷ್ಟು ಹೇಳುತ್ತೆ ನೋಡ್ತೀನಿ. ಮೊದಲು ಜವರಯ್ಯ, ಆಮೇಲೆ ಸರ್ ನೀವು. ನಿಮ್ಮ ನಿಮ್ಮ ರಾತ್ರಿಗೆ ಹೇಗೆ ಶುರು ಮಾಡ್ತೀರೋ ಹಾಗೇ ಮಾಡಿ, ಒಂದು ಚೂರೂ ಬದಲಾಯಿಸಬೇಡಿ." ಬೆಟ್ಟಸ್ವಾಮಿಗೆ ಒಳಗೊಳಗೇ ಕುಣಿಯುವಷ್ಟು ಸಂತೋಷವಾಯಿತು. ಯಂತ್ರಕ್ಕೆ ಅಟೆಂಡರೂ ಒಂದೇ ಲೆಕ್ಚರರೂ ಒಂದೇ. ಇಬ್ಬರದೂ ಒಂದೇ ಅಂಕಿ ಬರುತ್ತದೆ. ಆಗ ಕೇಳುತ್ತಾಳೆ, ಮತ್ತೆ ರಾತ್ರಿ ಮಾತ್ರ ನಿಮ್ಮದು ಹೇಗೆ ಹೆಚ್ಚಾಯಿತು ಜವರಯ್ಯ? ಜವರಯ್ಯ ಏಣಿ ಹತ್ತಿ ಹೋಗಿ ಏನೋ ಮಾಡಿ ಇಳಿದುಬಂದ. ಮೇಡಂ ಒಳಗಿನಿಂದ ಅಂಕಿ ಕೂಗಿ ಹೇಳಿದಳು, ಇರಬೇಕಾದಷ್ಟೇ ಇತ್ತು. ಈಗ ಬೆಟ್ಟಸ್ವಾಮಿಯ ಸರದಿ. ಅವನು ತನ್ನ ಪದ್ಧತಿಯಂತೆ ಗುಡ್ಡದ ಮಗ್ಗುಲ ನಾಲೆಗೆ ಇಳಿದು ಮುಖ ತೊಳೆದ, ಜೇಬಿನಿಂದ ವಿಭೂತಿಯ ಗಟ್ಟಿ ತೆಗೆದು ಮೂರು ಬೆರಳಿನಲ್ಲಿ ಹಣೆಗೆ ಬಳಿದುಕೊಂಡ, ಏಣಿ ಹತ್ತಿದ. ಹಿಂದೆಯೇ ಕಂಬಳಿ ಹೊತ್ತು ಜವರಯ್ಯ. ತಾರಸಿಯ ಮೇಲೆ ಮಂಡಿಯೂರಿ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಆರು ವರ್ಷದಲ್ಲಿ ಒಂದು ರಾತ್ರಿಯೂ ತಪ್ಪಿಸದ ಹಾಗೆ, ಬೆಟ್ಟಸ್ವಾಮಿ ಹಣೆಯನ್ನು ಆ ಗಾಜಿಗೆ ಮುಟ್ಟಿಸಿ ನಮಸ್ಕಾರ ಮಾಡಿದ. ದುಡಿಮೆಯ ಸಾಮಾನಿಗೆ ಹಣೆ ಮುಟ್ಟಿಸದೆ ಅವನ ಅಪ್ಪ ನೇಗಿಲು ಹಿಡಿದವನಲ್ಲ, ಅವನು ಪುಸ್ತಕ ತೆರೆದವನಲ್ಲ. ಆಮೇಲೆ ಬಿಲ್ಲೆ ಇಟ್ಟ. ಜವರಯ್ಯ ಹೆಗಲ ಮೇಲಿನ ಬಟ್ಟೆಗೆ ಕೈಹಾಕಿ, ಬಿಟ್ಟು, ಕಂಬಳಿ ಹೊದಿಸಿದ.

ಕೆಳಗೆ ಮೇಡಂ ಎರಡು ಸಲ ಫಿಲ್ಟರು ತಿರುಗಿಸಿದ ಸದ್ದು ಕೇಳಿತು. ಆಮೇಲೆ, "ಸರ್, ಬಿಲ್ಲೆ ಸರಿಯಾಗಿ ಕೂತಿದೆಯಾ?" ಕೂತಿದೆ ಎಂದ. "ಐದರಲ್ಲೊಂದು ಪಾಲು ಕಮ್ಮಿ ತೋರಿಸ್ತಿದೆ." ಮೇಡಂ ತಾನೇ ಏಣಿ ಹತ್ತಿ ಬಂದಳು. ಕಂಬಳಿ ಸರಿಸಿದಳು, ಬಿಲ್ಲೆ ಎತ್ತಿದಳು, ಬಗ್ಗಿ ನೋಡಿ ಗಾಜಿನ ಮೇಲೆ ಬೆರಳೆಳೆದಳು. ಬೆರಳ ತುದಿ ಬೆಳ್ಳಗಾಗಿತ್ತು. ಆ ಬೆರಳನ್ನು ಬೆಟ್ಟಸ್ವಾಮಿ ನೋಡಿದ.  ಬೆವರು ಹಣೆ, ಅಂಟು ವಿಭೂತಿ, ಅಂಗೈಯಗಲದ ಗಾಜು. ಆರು ವರ್ಷ. ಮುನ್ನೂರು ಚಿಲ್ಲರೆ ರಾತ್ರಿ ಅವನು ಆಕಾಶಕ್ಕೂ ಯಂತ್ರಕ್ಕೂ ನಡುವೆ ತನ್ನ ಭಕ್ತಿಯನ್ನು ಬಳಿದು, ಕೆಳಗೆ ಬಂದು, ಬೆಳಕು ಕಡಿಮೆ ಎಂದು ಬರೆದಿದ್ದ. "ಏನಿದು ಬೆಳ್ಳಗೆ?" ಎಂದಳು ಮೇಡಂ. ಬೆಟ್ಟಸ್ವಾಮಿ ಬಾಯಿ ತೆರೆಯುವ ಮೊದಲೇ ಜವರಯ್ಯ ಮುಂದೆ ಬಂದ.

"ಸುಣ್ಣ ಮೇಡಂ. ಈ ಮೋಟುಗ್ವಾಡೆಗೆ ಒಡ್ದಿರ ಸುಣ್ಣ. ಮುಚ್ಚಳ ತಗುದು ಅದರ್ ಮ್ಯಾಲೆ ಮಡಗ್ತೀವಲ್ಲ, ಅದ್ಕೆ ಮೆತ್ಕಂಡು ಗಾಜಿಗೆ ಬತ್ತದೆ. ಒರ್ಸದು ನನ್ ಕೆಲ್ಸ. ನನ್ನದೇ ತಪ್ಪು."

"ನಿಮ್ಮ ರಾತ್ರಿ ಗಾಜು ಶುದ್ಧವಾಗಿರುತ್ತಲ್ಲ?"

"ನಂದಿದ್ದಾಗ ಒರುಸ್ಕತೀನಿ. ಸಾ ಅವ್ರ್ದು ಇದ್ದಾಗ..." ಜವರಯ್ಯ ತಲೆ ತಗ್ಗಿಸಿದ. "ಒರ್ಸನಿಲ್ಲ ಮೇಡಂ. ಸೋಮಾರಿತನ."

ಮೇಡಂ ಮುಖ ಕೆಂಪಾಯಿತು. "ಅಂದ್ರೆ ಗೊತ್ತಿದ್ದೂ ಗೊತ್ತಿದ್ದೂ? ನಿಮ್ಮದು ಮಾತ್ರ ಚೆನ್ನಾಗಿ ಬರಲಿ, ಅವರದು ಹಾಳಾಗಲಿ ಅಂತಲಾ? ಛೆ, ಏನ್ರೀ ಇದು! ನಾನು ನಿಮ್ಮ ಹೆಸರನ್ನ ಲೇಖನದಲ್ಲಿ ಹಾಕಬೇಕು ಅಂತ ಎಲ್ಲರ ಹತ್ರ ಜಗಳ ಆಡಿದೀನಿ." ಆಮೇಲೆ ಬೆಟ್ಟಸ್ವಾಮಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಸಾರಿ ಸರ್. ನಿಮ್ಮ ಕಾಗದ ಓದಿ ನಿಮ್ಮ ಬಗ್ಗೇನೇ ಏನೇನೋ ಅಂದುಕೊಂಡಿದ್ದೆ, ನೀವು ಹೇಳಿದ್ದೇ ಸರಿ, ಇವರನ್ನ ನಂಬೋ ಹಾಗಿಲ್ಲ. ಇನ್ನು ಮೇಲೆ ಎಲ್ಲ ರಾತ್ರಿಗಳನ್ನೂ ನೀವೇ ನೋಡಿಕೊಳ್ಳಿ. ಹೆಸರು ಹಾಕೋದಾದ್ರೆ ನಿಮ್ಮದೊಂದೇ ಹಾಕ್ತೀನಿ."

ಬೆಟ್ಟಸ್ವಾಮಿಗೆ ಬೇಕಾಗಿದ್ದೆಲ್ಲ ಆ ತಾರಸಿಯ ಮೇಲೆ ಒಂದೇ ಮಾತಿನಲ್ಲಿ ಅವನ ಕೈಗೆ ಬಂತು. ಹೂಂ ಎಂದರೆ ಸಾಕು. ಹೂಂ ಎನ್ನುವುದೂ ಬೇಡ, ಸುಮ್ಮನಿದ್ದರೆ ಸಾಕು. ಅವನು ಜವರಯ್ಯನನ್ನು ನೋಡಿದ. ತಲೆ ತಗ್ಗಿಸಿ ನಿಂತಿದ್ದಾನೆ, ಕಂಬಳಿಯನ್ನು ಮಡಿಸಿ ಮಡಿಸಿ ಎದೆಗೆ ಹಿಡಿದುಕೊಂಡಿದ್ದಾನೆ, ಮುಖದಲ್ಲಿ ಅವಮಾನವಿದೆ, ಆದರೆ ಅವಮಾನದ ಕೆಳಗೆ ಅದೇನದು, ನೆಮ್ಮದಿಯೋ? ಸುಣ್ಣವಂತೆ! ಇಷ್ಟು ಚಂದದ ಸುಳ್ಳು ಅರೆಗಳಿಗೆಯಲ್ಲಿ ಹೊಳೆಯಿತಲ್ಲ ಇವನಿಗೆ, ಅದೂ ತನ್ನ ಹೆಸರನ್ನು ತಾನೇ ಅಳಿಸಿಕೊಳ್ಳುವ ಸುಳ್ಳು. ಕಾಗದದ ವಿಷಯ ಈಗ ಅವನಿಗೂ ಗೊತ್ತಾಯಿತು, ಆದರೂ ಮಾತು ಹಿಂತೆಗೆದುಕೊಳ್ಳುತ್ತಿಲ್ಲ. ಕಣ್ಣೆತ್ತಿ ಒಂದು ಸಲ ನನ್ನ ಹಣೆಯನ್ನು ನೋಡಿದ್ದರೂ ಮೇಡಂಗೆ ತಿಳಿದುಹೋಗುತ್ತಿತ್ತು, ನೋಡಲಿಲ್ಲ. ಬೆಟ್ಟಸ್ವಾಮಿಯ ಎದೆಯಲ್ಲಿ ಕೃತಜ್ಞತೆ ಏಳಬೇಕಾಗಿತ್ತು, ಪಶ್ಚಾತ್ತಾಪ ಏಳಬೇಕಾಗಿತ್ತು. ಎದ್ದದ್ದು ಅದೇ ಹಳೆಯ ಉರಿ, ಆದರೆ ಯಾವತ್ತೂ ಇಷ್ಟು ಜೋರಾಗಿ ಎದ್ದಿರಲಿಲ್ಲ. ಒಳ್ಳೆಯ ಕೈ ಇವನದು, ಒಳ್ಳೆಯ ನಿದ್ದೆ ಇವನದು, ಒಳ್ಳೆಯ ರಾತ್ರಿಗಳು ಇವನವು. ಈಗ ದೊಡ್ಡತನವೂ ಇವನದೇ ಆಗಬೇಕೋ? ನಾನು ಬದುಕಿರುವ ತನಕ ಪತ್ರಿಕೆ ತೆರೆದು ನನ್ನ ಹೆಸರು ನೋಡಿದಾಗಲೆಲ್ಲ ಇದು ಜವರಯ್ಯ ಬಿಟ್ಟುಕೊಟ್ಟದ್ದು ಎಂದುಕೊಳ್ಳಬೇಕೋ? ಕೊಡುವವನು ಅವನು, ತೆಗೆದುಕೊಳ್ಳುವವನು ನಾನೋ? ಸಾಧ್ಯವಿಲ್ಲ. ಆ ಪಟ್ಟ ಮಾತ್ರ ನಾನು ಇವನಿಗೆ ಕಟ್ಟಲಾರೆ.

"ಸುಣ್ಣ ಅಲ್ಲಮ್ಮ," ಎಂದ ಬೆಟ್ಟಸ್ವಾಮಿ. ದನಿ ಅವನಿಗೇ ಗುರುತು ಸಿಗದಷ್ಟು ಗಡುಸಾಗಿತ್ತು. "ವಿಭೂತಿ ಅದು. ನಂದು. ದಿನಾ ಶುರು ಮಾಡೋ ಮುಂಚೆ ಹಣೆ ಮುಟ್ಟಿಸ್ತೀನಿ. ಅದು ಗಾಜಿಗೆ ಅಂಟುತ್ತೆ ಅನ್ನೋದು ಈಗ ನೋಡೋವರೆಗೂ ನಂಗೆ ಹೊಳೀಲಿಲ್ಲ, ಎಂ.ಎಸ್ಸಿ. ಮಾಡಿದ ನಂಗೆ. ಇವನು ಸುಳ್ಳು ಹೇಳ್ತಿದಾನೆ. ನಾನು ಬರೆದ ಕಾಗದಾನೂ ಸುಳ್ಳು."

ಮೇಡಂ ಅವನ ಹಣೆಯನ್ನು ನೋಡಿದಳು. ಮೂರು ಪಟ್ಟೆಗಳಲ್ಲಿ ನಡುವಿನದು ಅರ್ಧ ಅಳಿಸಿಹೋಗಿತ್ತು. ಅವಳಿಗೆ ನಗು ಬಂತೋ ಅಳು ಬಂತೋ, ತುಟಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಹುಲ್ಲಹಳ್ಳಿಯ ಕಡೆಯ ಗದ್ದೆಗಳನ್ನು ನೋಡಿದಳು. ಆಮೇಲೆ ಮೆಲ್ಲಗೆ, ಯಾವ ರಾತ್ರಿ ಎಷ್ಟು ಅಂಟಿತ್ತು ಅಂತ ಈಗ ಹೇಳೋಕಾಗಲ್ಲ ಸರ್, ನಿಮ್ಮ ರಾತ್ರಿಗಳನ್ನ ಪೂರ್ತಿ ಬಿಡಬೇಕಾಗುತ್ತೆ, ಅಂದಳು. ಪೂರ್ತಿ ಎನ್ನುವಾಗ ಅವಳಿಗೇ ಸಂಕಟವಾಯಿತು. ಏಣಿ ಇಳಿದು ಒಳಗೆ ಹೋದಳು.

ತಾರಸಿಯ ಮೇಲೆ ಇಬ್ಬರೇ ಉಳಿದರು. ಜವರಯ್ಯ ಹೆಗಲ ಮೇಲಿನ ಹಳೇ ಪಂಚೆಯ ತುಂಡಿನಿಂದ ಗಾಜನ್ನು ಒರೆಸಿದ; ಒರೆಸಿದ್ದನ್ನು ನೆಲಕ್ಕೆ ಕೊಡವದೆ, ಬೆರಳಿಗೆ ತೆಗೆದು ತನ್ನ ಹಣೆಗೆ ಇಟ್ಟುಕೊಂಡ. ಆರು ವರ್ಷವೂ ಹಾಗೇ ಮಾಡಿದ್ದಿರಬೇಕು, ಕೈ ತಾನಾಗಿ ಹೋಯಿತು. ಬೆಟ್ಟಸ್ವಾಮಿಗೆ ತಡೆಯಲಾಗಲಿಲ್ಲ.

"ಮೊದಲೇ ಹೇಳಬಾರದಾಗಿತ್ತೇನೋ?"

"ಎಂಗ್ ಏಳದು ಸಾ? ನಿಮ್ ಈಬೂತಿ ಕೊಳೆ ಅಂತ ಏಳಕ್ಕಾದಾತಾ? ನಿಮ್ ಮುಂದೇನೇ ಒರ್ಸಕ್ಕಾದಾತಾ?"

"ಇವತ್ಯಾಕೆ ಸುಳ್ಳು ಹೇಳ್ದೆ? ನಾನು ಕಾಗದ ಬರೆದಿದ್ದೆ, ನೀನು ಅಂಕಿ ಕದೀತೀಯ ಅಂತ. ಕೇಳಿಸ್ತಲ್ಲ ಈಗ?"

"ಕೇಳುಸ್ತು." ಜವರಯ್ಯ ಮುಚ್ಚಳವನ್ನು ಗಾಜಿನ ಮೇಲೆ ಮೆತ್ತಗೆ ಕೂರಿಸಿದ. ಮಾತಾಡಿದಾಗ ಅವನ ದನಿಯಲ್ಲಿ ಮೊದಲ ಸಲ ಸಿಟ್ಟಿತ್ತು. "ಆರ್ ವರ್ಸ ಸಾ. ಅಮಾಸೆ ಮಾರನೇ ದಿನ ಇಬ್ರೂ ಕೂತ್ಕಂಡು ಲೆಕ್ಕ ತಾಳೆ ನೋಡುವಾಗ ನಮ್ಮನೆಯಿಂದ ಫ್ಲಾಸ್ಕಲ್ಲಿ ಟೀ ತತ್ತಿದ್ದೆ. ನಮ್ಮವ್ಳು ನಿಮ್ಗೆ ಅಂತ ಬ್ಯಾರೆ ಚೊಂಬಲ್ಲೇ ಕಾಯ್ಸಿ ಕೊಡವ್ಳು, ಬಾಡು ಬೇಸಿದ್ ಪಾತ್ರೆ ಅಲ್ಲ ಅಂತ ಏಳಿ ಅನ್ನವ್ಳು. ಒಂದ್ ಗುಟುಕೂ ಕುಡೀನಿಲ್ಲ ನೀವು. ಒಂದ್ ದಪ ವಟ್ಟೆ ನೋವು ಅನ್ನವ್ರಿ, ಒಂದ್ ದಪ ಈಗ್ತಾನೆ ಕುಡ್ದೆ ಅನ್ನವ್ರಿ. ಆಯ್ತು, ಬುಡು ಅಂದ್ಕಂಡೆ. ಇವತ್ತು ಒಂದ್ ಕೊಟ್ನಲ್ಲ ಸಾ, ಇದ್ನಾದ್ರೂ ಇಟ್ಕತೀರ ಅಂತಿದ್ದೆ. ಇದ್ನೂ ತಗುದು ನನ್ ಮೊಕುಕ್ಕೇ ವಾಪಸ್ ಕೊಟ್ಬುಟ್ರಲ್ಲ."

 ನಿಜ ಹೇಳಿದ ಮನುಷ್ಯ ಹೀಗೆ ಕಳ್ಳನ ಹಾಗೆ ನಿಲ್ಲಬೇಕಾಗುತ್ತದೆಂದು ಬೆಟ್ಟಸ್ವಾಮಿಗೆ ಯಾರೂ ಹೇಳಿರಲಿಲ್ಲ. ಕೆಳಗಿನಿಂದ ಮೇಡಂ ಕೂಗಿದಳು. "ಜವರಯ್ಯ, ಲೇಖನಕ್ಕೆ ನಿಮ್ಮ ಪೂರ್ತಿ ಹೆಸರು ಬೇಕಲ್ಲ, ಇಂಗ್ಲಿಷಲ್ಲಿ ಬರೆದುಕೊಡ್ತೀರಾ?" ಜವರಯ್ಯ ಏಣಿಯ ತಲೆಯಲ್ಲಿ ನಿಂತು ಹಿಂದಕ್ಕೆ ನೋಡಿದ. ಅವನ ಸಿಟ್ಟು ಆಗಲೇ ಇಳಿದುಹೋಗಿತ್ತು. ಅದೂ ಇವನಿಗೆ ಎಷ್ಟು ಬೇಗ ಇಳಿಯುತ್ತದೆ! "ನಂಗೆ ಸರೀಗ್ ಬರಾಕಿಲ್ಲ ಮೇಡಂ. ಸಾ ಬರ್ದುಕೊಡ್ತಾರೆ," ಎಂದ.

ಬೆಟ್ಟಸ್ವಾಮಿ ಇಳಿದು ಒಳಗೆ ಹೋದ. ಯಂತ್ರದ ಪಕ್ಕದ ಮೇಜಿನ ಮೇಲೆ ಬಿಳಿ ಹಾಳೆಯಿತ್ತು, ಮೇಡಂ ಪೆನ್ನು ಚಾಚಿದಳು. ಅಪ್ಪನ ಹೆಸರೇನೋ ಎಂದು ಕೇಳಿದ. ದೊಡ್ಡಸಿದ್ದಯ್ಯ, ಎಂದ ಜವರಯ್ಯ ಬಾಗಿಲಲ್ಲೇ ನಿಂತು. ಆರು ವರ್ಷ ಜೊತೆಗಿದ್ದೂ ಬೆಟ್ಟಸ್ವಾಮಿ ಅದನ್ನು ಕೇಳಿರಲಿಲ್ಲ. ಹಾಳೆಗೆ ಬಗ್ಗಿ, ಒಂದೊಂದೇ ಅಕ್ಷರವನ್ನು ಬಿಡಿಬಿಡಿಯಾಗಿ, ತಪ್ಪಿಲ್ಲದಂತೆ, ಅಚ್ಚಿಗೆ ಹೋಗುವ ಹೆಸರನ್ನು ಬರೆಯಬೇಕಾದ ಹಾಗೆ ಬರೆದ. ಕೈ ಒಂದು ಚೂರೂ ನಡುಗಲಿಲ್ಲ. ಇಷ್ಟು ಮುದ್ದಾಗಿ ಅವನು ತನ್ನ ಹೆಸರನ್ನೂ ಎಂದೂ ಬರೆದವನಲ್ಲ. ಅದಕ್ಕೂ ಅವನಿಗೆ ಹೊಟ್ಟೆ ಉರಿಯಿತು.